ಗೂಢಚಾರಿ ತಂತ್ರಾಂಶ: ವಿನಿಮಯ ಕೇಂದ್ರದಿಂದ ಕೈಫೋನಿನವರೆಗೆ

1988ರ ಆಗಸ್ಟ್ 10ರಂದು ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದರು. ರಾಜಕಾರಣಿಗಳು, ಪತ್ರಕರ್ತರು, ಉದ್ಯಮಿಗಳು ಮುಂತಾದವರ ದೂರವಾಣಿ ಸಂಭಾಷಣೆಗಳನ್ನು ರಾಜ್ಯದ ಪೊಲೀಸರು ಕದ್ದಾಲಿಸಿದ್ದರೆಂಬುದು ಆಗಿನ ಆರೋಪ. ತಮಗೆ ಇದರ ಅರಿವಿರಲಿಲ್ಲವೆಂದು ಹೇಳಿದ ಹೆಗಡೆಯವರು ನೈತಿಕ ಹೊಣೆ ಹೊತ್ತು ಸ್ಥಾನ ಬಿಟ್ಟರು. ಇದಾಗಿ 33 ವರ್ಷಗಳ ಅನಂತರ, 2021ರ ಜುಲೈ ತಿಂಗಳಲ್ಲಿ, ಇದೇ ರಾಜ್ಯದ ರಾಜಕೀಯ ಮತ್ತೊಮ್ಮೆ ಕದ್ದಾಲಿಕೆಯ ಸುದ್ದಿಯಲ್ಲಿ ಸಿಕ್ಕಿತು. ಈ ಬಾರಿ ಚರ್ಚೆಗೆ ಬಂದದ್ದು ತಂತಿಯೂ ಅಲ್ಲ, ದೂರವಾಣಿ ವಿನಿಮಯ ಕೇಂದ್ರವೂ ಅಲ್ಲ. 'ಪೆಗಾಸಸ್' ಎಂಬ ತಂತ್ರಾಂಶ.

ಈ ಎರಡು ಪ್ರಸಂಗಗಳ ನಡುವೆ ಏನಾಯಿತು ಎಂಬುದನ್ನು ತಿಳಿದರೆ ಗೂಢಚಾರಿ ತಂತ್ರಾಂಶ, ಅಂದರೆ ಸ್ಪೈವೇರ್, ಎಂಬುದು ಹೇಗೆ ಹುಟ್ಟಿತು, ಏಕೆ ಹುಟ್ಟಿತು ಎಂಬುದು ತಾನಾಗಿ ಅರ್ಥವಾಗುತ್ತದೆ. ಕಂಪ್ಯೂಟರ್ ವೈರಸ್‌ಗಳ ಪಟ್ಟಿ ಕೊಟ್ಟು ವಿವರಿಸುವ ರೂಢಿ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಅದಕ್ಕಿಂತ ಕಿವಿಯ ಜಾಗ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ನೋಡುವುದು ಹೆಚ್ಚು ಪ್ರಯೋಜನಕಾರಿ.

ತಂತಿಗೆ ಕಿವಿಗೊಟ್ಟ ಕಾಲ

1988ರ ದೂರವಾಣಿಯನ್ನು ನೆನಪಿಸಿಕೊಳ್ಳೋಣ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ತಯಾರಾದ ಕಪ್ಪು ಉಪಕರಣ. ಅದರಿಂದ ವಿನಿಮಯ ಕೇಂದ್ರದವರೆಗೆ ಒಂದು ಜೊತೆ ತಾಮ್ರದ ತಂತಿ. ನಮ್ಮದೇ ದೇಶದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಪ್ರಾರಂಭಿಸಿತ್ತಾದರೂ ಬಹುತೇಕ ಊರುಗಳಲ್ಲಿ ಹಳೆಯ ಕೇಂದ್ರಗಳೇ ಇದ್ದವು. ಕೇಂದ್ರದಿಂದ ತಂತಿಗೆ ಸುಮಾರು 48 ವೋಲ್ಟ್ ನೇರ ವಿದ್ಯುತ್ ಬರುತ್ತಿತ್ತು. ರಿಸೀವರ್ ಎತ್ತಿದಾಗ ಅದು ಹತ್ತು ವೋಲ್ಟಿನ ಆಸುಪಾಸಿಗೆ ಇಳಿದು, ಸುಮಾರು 20ರಿಂದ 40 ಮಿಲಿಆಂಪಿಯರ್ ಪ್ರವಾಹ ಹರಿಯುತ್ತಿತ್ತು. ಮಾತು ಎಂದರೆ ಈ ಪ್ರವಾಹದ ಮೇಲೆ ಮೂಡುವ ಸಣ್ಣ ಅಲೆ.

ಕದ್ದಾಲಿಸುವವನು ಈ ತಂತಿಗಳಿಗೆ ಇನ್ನೊಂದು ಜೊತೆ ತಂತಿಯನ್ನು ಸಮಾಂತರವಾಗಿ ಜೋಡಿಸಿದರೆ ಸಾಕು. ಆಗ "ಕಟ್ ಕಟ್" ಸದ್ದು ಬರುತ್ತದೆ, ಧ್ವನಿ ಕುಗ್ಗುತ್ತದೆ ಎಂದು ಜನ ನಂಬಿದ್ದರು. ಈಗಲೂ ನಂಬುವವರಿದ್ದಾರೆ. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ದೂರವಾಣಿ ಮಾರ್ಗದ ಪ್ರತಿಬಾಧೆ ಸುಮಾರು 600 ಓಮ್. ಕದ್ದಾಲಿಸುವ ಉಪಕರಣದ್ದು ಒಂದು ಲಕ್ಷ ಓಮ್ ಎಂದಿಟ್ಟುಕೊಳ್ಳಿ. ಮೂಲ ಮತ್ತು ಭಾರ ಎರಡೂ 600 ಓಮ್ ಇರುವಲ್ಲಿ ಇದನ್ನು ಸಮಾಂತರವಾಗಿ ಸೇರಿಸಿದರೆ ಧ್ವನಿಸಂಕೇತದ ವೋಲ್ಟೇಜು ಕುಗ್ಗುವುದು ಶೇಕಡಾ 0.3ರಷ್ಟು. ಡೆಸಿಬೆಲ್‌ಗಳಲ್ಲಿ ಹೇಳುವುದಾದರೆ 0.03ಕ್ಕಿಂತ ಕಡಿಮೆ. ನಮ್ಮ ಕಿವಿ ಗುರುತಿಸಬಲ್ಲ ವ್ಯತ್ಯಾಸ ಸುಮಾರು 1 ಡೆಸಿಬೆಲ್. ನೇರ ವಿದ್ಯುತ್ತು ಹರಿಯದಂತೆ ಒಂದು ಧಾರಕವನ್ನೂ ಸೇರಿಸಿಬಿಟ್ಟರೆ ವೋಲ್ಟ್‌ಮೀಟರಿಗೂ ಸುಳಿವು ಸಿಗುವುದು ಕಷ್ಟ. ಹಾಗಾಗಿ ಸರಿಯಾಗಿ ನಡೆದ ಕದ್ದಾಲಿಕೆ ಮಾತನಾಡುವವನಿಗೆ ಎಂದೂ ತಿಳಿಯುತ್ತಿರಲಿಲ್ಲ.

ಹಾಗಿದ್ದರೆ 1988ರಲ್ಲಿ ವಿಷಯ ಹೊರಬಂದದ್ದು ಹೇಗೆ? ಆಗ ದೂರವಾಣಿ ಇಲಾಖೆ ಕೇಂದ್ರ ಸರ್ಕಾರದ್ದು. ಆಲಿಸಬೇಕೆಂದು ಕೇಳುವವರು ರಾಜ್ಯದ ಪೊಲೀಸರು. ವಿನಿಮಯ ಕೇಂದ್ರದ ಒಳಗೆ ತಂತಿ ಜೋಡಿಸಬೇಕಾದರೆ ಇಬ್ಬರ ನಡುವೆ ಕಾಗದ ಓಡಾಡಲೇಬೇಕು, ಯಾರೋ ಒಬ್ಬರು ಸಹಿ ಹಾಕಲೇಬೇಕು, ಇನ್ನೊಬ್ಬರು ಹೋಗಿ ಜೋಡಿಸಲೇಬೇಕು. ತಂತಿಯಲ್ಲಿ ಗುರುತು ಉಳಿಯದಿದ್ದರೂ ಕಡತದಲ್ಲಿ ಉಳಿಯುತ್ತಿತ್ತು. ಭೌತವಿಜ್ಞಾನ ಮುಚ್ಚಿಟ್ಟದ್ದನ್ನು ಕಚೇರಿಯ ಕಡತ ಬಿಟ್ಟುಕೊಡುತ್ತಿತ್ತು ಎನ್ನಬಹುದು.

ಕಾನೂನು ಕೂಡ ಈ ಕಡತದ ಮೇಲೆಯೇ ನಿಂತಿತ್ತು. ಕದ್ದಾಲಿಕೆಗೆ ಅವಕಾಶ ಕೊಡುತ್ತಿದ್ದುದು 1885ರ ಭಾರತೀಯ ತಂತಿ ಕಾಯಿದೆಯ 5ನೆಯ ಕಲಮು. ಪಿ.ಯು.ಸಿ.ಎಲ್. ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್ 18ರಂದು ತೀರ್ಪು ನೀಡಿ, ಈ ಅಧಿಕಾರಕ್ಕೆ ಕಟ್ಟುಪಾಡು ವಿಧಿಸಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು. ಆದೇಶದ ಆಯುಷ್ಯ ಎರಡು ತಿಂಗಳು. ವಿಸ್ತರಿಸಿದರೂ ಆರು ತಿಂಗಳು ಮೀರಬಾರದು. ಪುನರ್‌ಪರಿಶೀಲನಾ ಸಮಿತಿಯೊಂದು ಇರಬೇಕು. ಇವೆಲ್ಲವೂ ತಂತಿ, ವಿನಿಮಯ ಕೇಂದ್ರ, ಅಲ್ಲಿನ ಅಧಿಕಾರಿ ಇರುವ ವ್ಯವಸ್ಥೆಗೆ ಹೊಂದುವಂಥ ನಿಯಮಗಳು. 2023ರ ದೂರಸಂಪರ್ಕ ಕಾಯಿದೆ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಿತಾದರೂ ಚೌಕಟ್ಟು ಹೆಚ್ಚುಕಡಿಮೆ ಇದೇ.

ಬೆರಳಚ್ಚು ಯಂತ್ರದ ಪಾಠ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, ದೂರದ ಮಾಸ್ಕೋ ನಗರದ ಒಂದು ಘಟನೆಯನ್ನು ನೋಡಬೇಕು. ಗೂಢಚಾರಿ ತಂತ್ರಾಂಶದ ಹಿಂದಿರುವ ತರ್ಕ ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಅಲ್ಲಿ, ಅದೂ ಯಾವುದೇ ತಂತ್ರಾಂಶವಿಲ್ಲದೆ.

ಅಮೆರಿಕದ ರಾಯಭಾರ ಕಚೇರಿ ತನ್ನ ಸಂದೇಶಗಳನ್ನು ಗೂಢಲಿಪಿಗೆ ಬದಲಿಸಿಯೇ ಹೊರಗೆ ಕಳಿಸುತ್ತಿತ್ತು. ತಂತಿಯಲ್ಲಿ ಅಥವಾ ರೇಡಿಯೊದಲ್ಲಿ ಅದನ್ನು ಹಿಡಿದರೂ ಓದಲಾಗದು. ಆದರೆ ಗೂಢಲಿಪಿಗೆ ಬದಲಿಸುವ ಮೊದಲು ಯಾರೋ ಅದನ್ನು ಟೈಪ್ ಮಾಡಲೇಬೇಕಲ್ಲ? ಸೋವಿಯತ್ ಎಂಜಿನಿಯರುಗಳು ಹಿಡಿದದ್ದು ಆ ಎಡೆಯನ್ನು. 1976ರಿಂದ 1984ರ ನಡುವೆ ಅವರು ಕಚೇರಿಯ ಐ.ಬಿ.ಎಂ. ಸೆಲೆಕ್ಟ್ರಿಕ್ ವಿದ್ಯುತ್ ಬೆರಳಚ್ಚು ಯಂತ್ರಗಳ ಒಂದು ಲೋಹದ ಆಧಾರಪಟ್ಟಿಯ ಒಳಗನ್ನು ಟೊಳ್ಳು ಮಾಡಿ, ಅದರಲ್ಲಿ ಪುಟ್ಟ ಕಾಂತಮಾಪಕಗಳನ್ನು ಅಡಗಿಸಿದ್ದರು. ಈ ಯಂತ್ರದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಳಗಿನ ಸನ್ನೆಗಳು ಬೇರೆ ಬೇರೆ ಜೋಡಣೆಯಲ್ಲಿ ಅಲುಗುತ್ತವೆ. ಕಾಂತೀಯಗೊಳಿಸಿದ ಭಾಗಗಳ ಚಲನೆಯಿಂದ ಕಾಂತಕ್ಷೇತ್ರದಲ್ಲಿ ಆಗುವ ವ್ಯತ್ಯಾಸವನ್ನು ಅಳೆದರೆ ಯಾವ ಅಕ್ಷರ ಒತ್ತಿದರು ಎಂಬುದು ತಿಳಿಯುತ್ತದೆ. ಸಂಗ್ರಹವಾದ ಅಕ್ಷರಗಳನ್ನು ಚಿಕ್ಕ ಚಿಕ್ಕ ರೇಡಿಯೊ ಸ್ಫೋಟಗಳಾಗಿ, ಸ್ಥಳೀಯ ದೂರದರ್ಶನ ಪ್ರಸಾರದ ಆವೃತ್ತಿಗಳ ನೆರಳಿನಲ್ಲಿ, ಹೊರಗೆ ಕಳಿಸಲಾಗುತ್ತಿತ್ತು. 1984ರಲ್ಲಿ ಯಂತ್ರಗಳನ್ನೆಲ್ಲ ಅಮೆರಿಕಕ್ಕೆ ಒಯ್ದು ಎಕ್ಸ್ ಕಿರಣಗಳಲ್ಲಿ ಪರೀಕ್ಷಿಸಿದಾಗ ಇಂಥ 16 ಯಂತ್ರಗಳು ಪತ್ತೆಯಾದವು.

ಕೀಲಿ ಒತ್ತಿದ್ದನ್ನು ದಾಖಲಿಸಿಕೊಂಡು ರವಾನಿಸುವ ಈ ಉಪಾಯಕ್ಕೆ ಇಂದು 'ಕೀಲಾಗರ್' ಎಂಬ ಹೆಸರಿದೆ. ಅದರಿಂದ ಹೊರಡುವ ಪಾಠ ಸರಳ: ದಾರಿಯನ್ನು ಗೂಢಲಿಪಿಯಿಂದ ಭದ್ರಪಡಿಸಿದಷ್ಟೂ ಕಳ್ಳ ದಾರಿಯ ತುದಿಗೆ, ಅಂದರೆ ಉಪಕರಣದ ಒಳಕ್ಕೆ, ಬರುತ್ತಾನೆ.

ಜಾಹೀರಾತಿನ ಬೆನ್ನೇರಿ ಬಂದ ಗೂಢಚಾರ

ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಈ ಗೂಢಚಾರ ಬಂದದ್ದು ಯಾವ ಬೇಹುಗಾರಿಕೆ ಸಂಸ್ಥೆಯಿಂದಲೂ ಅಲ್ಲ, ವ್ಯಾಪಾರಿಗಳಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಉಚಿತ ತಂತ್ರಾಂಶಗಳ ಜೊತೆ ಜಾಹೀರಾತು ಬಿತ್ತರಿಸುವ ಸಣ್ಣ ಪ್ರೋಗ್ರಾಮುಗಳು ಬರತೊಡಗಿದವು. ಬಳಕೆದಾರ ಯಾವ ಜಾಲತಾಣ ನೋಡಿದ, ಏನು ಹುಡುಕಿದ ಎಂಬುದನ್ನು ಅವು ಸದ್ದಿಲ್ಲದೆ ಕಂಪನಿಗೆ ತಿಳಿಸುತ್ತಿದ್ದವು. ಸ್ಪೈವೇರ್ ಎಂಬ ಪದ ಈಗಿನ ಅರ್ಥದಲ್ಲಿ ಬಳಕೆಗೆ ಬಂದದ್ದು 2000ದ ಸುಮಾರಿಗೆ. ಅದೇ ವರ್ಷ ಸ್ಟೀವ್ ಗಿಬ್ಸನ್ ಎಂಬ ತಂತ್ರಜ್ಞ ತನ್ನದೇ ಗಣಕದಿಂದ ಹೀಗೆ ಮಾಹಿತಿ ಹೊರಹೋಗುವುದನ್ನು ಕಂಡು 'ಆಪ್ಟ್‌ಔಟ್' ಎಂಬ ನಿವಾರಕವನ್ನು ಬರೆದ. 2004ರ ಕೊನೆಗೆ ಮೈಕ್ರೋಸಾಫ್ಟ್ ಇಂಥದೊಂದು ನಿವಾರಕ ತಯಾರಿಸುವ ಕಂಪನಿಯನ್ನೇ ಕೊಂಡುಕೊಂಡಿತು. ಇಂದು ವಿಂಡೋಸ್ ಜೊತೆಗೇ ಬರುವ 'ಡಿಫೆಂಡರ್' ಅದರ ಸಂತತಿ.

ದೊಡ್ಡ ಹೆಸರಿನ ಕಂಪನಿಗಳೂ ಇದರಿಂದ ದೂರ ಇರಲಿಲ್ಲ. ಸೋನಿ ಬಿ.ಎಂ.ಜಿ. ಕಂಪನಿಯ ಸಂಗೀತದ ಸಿ.ಡಿ.ಗಳು ನಕಲು ತಡೆಯುವ ನೆಪದಲ್ಲಿ ಗಣಕದ ಒಳಗೆ ತಮ್ಮನ್ನೇ ಬಚ್ಚಿಟ್ಟುಕೊಳ್ಳುವ 'ರೂಟ್‌ಕಿಟ್' ಸ್ಥಾಪಿಸುತ್ತಿದ್ದುದನ್ನು ಮಾರ್ಕ್ ರುಸ್ಸಿನೋವಿಚ್ 2005ರ ಅಕ್ಟೋಬರ್ 31ರಂದು ಬಹಿರಂಗಪಡಿಸಿದ. ಕಂಪನಿ ಆ ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಡು ಕೇಳಲೆಂದು ಹಾಕಿದ ತಟ್ಟೆ ತಾನೇ ಒಂದು ತಂತ್ರಾಂಶವನ್ನು ಬಿತ್ತಿ ಹೋಗುತ್ತದೆ ಎಂಬುದು ಆ ಕಾಲಕ್ಕೆ ಹೊಸ ವಿಷಯ.

ಗೂಢಚಾರಿ ತಂತ್ರಾಂಶವನ್ನು ವೈರಸ್‌ನಿಂದ ಬೇರೆಯಾಗಿ ಗುರುತಿಸಬೇಕು. ವೈರಸ್‌ನ ಗುರಿ ಹರಡುವುದು. ಅನೇಕ ವೇಳೆ ಅದು ತನ್ನ ಇರವನ್ನು ಸಾರಿ ಹೇಳುತ್ತದೆ. ಗೂಢಚಾರನ ಗುರಿ ಇರುವುದು, ನೋಡುವುದು, ಕಳಿಸುವುದು. ಗಣಕ ಚೆನ್ನಾಗಿ ಕೆಲಸ ಮಾಡುತ್ತಿದ್ದಷ್ಟೂ ಅದಕ್ಕೆ ಅನುಕೂಲ. ಹಾಗಾಗಿ "ನನ್ನ ಕಂಪ್ಯೂಟರ್ ನಿಧಾನವಾಗಿಲ್ಲ, ಬ್ಯಾಟರಿ ಬೇಗ ಮುಗಿಯುತ್ತಿಲ್ಲ, ಆದ್ದರಿಂದ ತೊಂದರೆಯಿಲ್ಲ" ಎನ್ನುವುದು ಹಳೆಯ ದೂರವಾಣಿಯ "ಕಟ್ ಕಟ್" ಸದ್ದಿನಂಥದೇ ನಂಬಿಕೆ. ಕಳಪೆಯಾಗಿ ಬರೆದ ಗೂಢಚಾರಿ ತಂತ್ರಾಂಶ ಬ್ಯಾಟರಿ ತಿನ್ನುತ್ತದೆ. ಚೆನ್ನಾಗಿ ಬರೆದದ್ದು ತಿನ್ನುವುದಿಲ್ಲ.

ಗಂಟೆ ಬಾರಿಸಿ ಒಳಬಂದದ್ದು

2016ರ ಏಪ್ರಿಲ್ ತಿಂಗಳಲ್ಲಿ ವಾಟ್ಸಾಪ್ ತನ್ನ ಎಲ್ಲ ಸಂದೇಶಗಳಿಗೂ ಕರೆಗಳಿಗೂ ತುದಿಯಿಂದ ತುದಿಯವರೆಗಿನ ಗೂಢಲಿಪಿಯನ್ನು ಅಳವಡಿಸಿತು. ಕೋಟ್ಯಂತರ ಜನರ ಮಾತು ಒಮ್ಮೆಗೇ ವಿನಿಮಯ ಕೇಂದ್ರದ ಕಿವಿಗೆ ನಿಲುಕದಂತಾಯಿತು. ಸಂದೇಶದ ಕೀಲಿ ಇರುವುದು ಕಳಿಸಿದವನ ಮತ್ತು ಪಡೆದವನ ಫೋನಿನಲ್ಲಿ ಮಾತ್ರ. ನಡುವಿನ ಕಂಪನಿಯ ಬಳಿಯೂ ಇಲ್ಲ. ಮಾಸ್ಕೋದ ಪಾಠ ನೆನಪಿರುವವರಿಗೆ ಮುಂದಿನ ಹೆಜ್ಜೆ ಯಾವುದೆಂದು ಊಹಿಸುವುದು ಕಷ್ಟವಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಮಾನವ ಹಕ್ಕುಗಳ ಕಾರ್ಯಕರ್ತ ಅಹ್ಮದ್ ಮನ್ಸೂರ್ ಅವರಿಗೆ ಒಂದು ಕೊಂಡಿಯುಳ್ಳ ಎಸ್.ಎಂ.ಎಸ್. ಬಂದಿತು. ಅವರು ಅದನ್ನು ಒತ್ತದೆ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳಿಸಿದರು. ಒತ್ತಿದ್ದರೆ ಐಫೋನಿನ ಅಜ್ಞಾತವಾಗಿದ್ದ ಮೂರು ದೋಷಗಳನ್ನು ಒಂದಾದ ಮೇಲೊಂದು ಬಳಸಿ ಫೋನಿನ ಸಂಪೂರ್ಣ ಹತೋಟಿ ಪರರ ಕೈಗೆ ಹೋಗುತ್ತಿತ್ತು. ಇಸ್ರೇಲಿನ ಎನ್.ಎಸ್.ಓ. ಕಂಪನಿಯ 'ಪೆಗಾಸಸ್' ಹೀಗೆ ಬೆಳಕಿಗೆ ಬಂದಿತು. ತಾನು ಇದನ್ನು ಸರ್ಕಾರಗಳಿಗೆ ಮಾತ್ರ ಮಾರುವುದಾಗಿ ಕಂಪನಿ ಹೇಳುತ್ತ ಬಂದಿದೆ.

ಕೊಂಡಿ ಒತ್ತದಿದ್ದರೆ ಅಪಾಯವಿಲ್ಲ ಎಂಬ ಸಮಾಧಾನ ಮೂರು ವರ್ಷವೂ ಬಾಳಲಿಲ್ಲ. 2019ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ವಾಟ್ಸಾಪ್‌ನ ಕರೆ ಸ್ವೀಕರಿಸುವ ಭಾಗದಲ್ಲಿದ್ದ ಒಂದು ದೋಷವನ್ನು ಬಳಸಿ ಸುಮಾರು 1,400 ಫೋನುಗಳ ಮೇಲೆ ದಾಳಿ ನಡೆಯಿತು. ಕರೆ ಬರುತ್ತದೆ, ಎತ್ತಬೇಕೆಂದೇನೂ ಇಲ್ಲ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಇದು ಹೇಗೆ ಸಾಧ್ಯ ಎಂಬುದನ್ನು ವಿದ್ಯಾರ್ಥಿಗಳಿಗೆ ಹಾಜರಿ ಪುಸ್ತಕದ ಉದಾಹರಣೆಯಿಂದ ವಿವರಿಸಬಹುದು. ಪುಟದಲ್ಲಿ ಹೆಸರಿಗೆ ಇಪ್ಪತ್ತು ಚೌಕಗಳಿವೆ; ಪಕ್ಕದ ಅಂಕಣದಲ್ಲಿ "ಮುಂದೆ ಇಂಥ ಪುಟಕ್ಕೆ ಹೋಗಿ" ಎಂಬ ಸೂಚನೆ ಇದೆ. ಬರೆಯುವವನು ಚೌಕ ಎಣಿಸದೆ ಬಂದಷ್ಟನ್ನೂ ಬರೆಯುತ್ತ ಹೋಗುವ ಗುಮಾಸ್ತ. ಒಬ್ಬ ಕಿಡಿಗೇಡಿ ಮೂವತ್ತು ಅಕ್ಷರದ ಹೆಸರು ಕೊಟ್ಟರೆ ಕೊನೆಯ ಹತ್ತು ಅಕ್ಷರ ಪಕ್ಕದ ಸೂಚನೆಯ ಮೇಲೆ ಬೀಳುತ್ತವೆ. ಆ ಹತ್ತು ಅಕ್ಷರಗಳನ್ನೇ ಹೊಸ ಸೂಚನೆಯಾಗುವಂತೆ ಹೊಂದಿಸಿದರೆ? ಮುಂದೆ ಓದುವವನು ಕಿಡಿಗೇಡಿ ಹೇಳಿದ ಪುಟಕ್ಕೆ ಹೋಗುತ್ತಾನೆ. ಗಣಕದ ಸ್ಮೃತಿಯಲ್ಲಿ ದತ್ತಾಂಶ ಮತ್ತು ಆದೇಶ ಅಕ್ಕಪಕ್ಕದಲ್ಲಿ, ಒಂದೇ ಬಗೆಯ ಅಂಕಿಗಳಾಗಿ ಇರುತ್ತವೆ. ಈ ದೋಷಕ್ಕೆ 'ಬಫರ್ ಓವರ್‌ಫ್ಲೋ' ಎನ್ನುತ್ತಾರೆ. ಕರೆ ಬಂದ ತಕ್ಷಣ, ಗಂಟೆ ಬಾರಿಸುವುದಕ್ಕಾಗಿಯೇ, ಫೋನು ಹೊರಗಿನಿಂದ ಬಂದ ಒಂದಿಷ್ಟು ದತ್ತಾಂಶವನ್ನು ಸ್ಮೃತಿಯಲ್ಲಿ ಬರೆದುಕೊಳ್ಳಬೇಕಾಗುತ್ತದೆ. ದಾಳಿಗೆ ಬೇಕಾದದ್ದು ಅಷ್ಟೇ.

ವಾಟ್ಸಾಪ್ 2019ರ ಅಕ್ಟೋಬರ್ 29ರಂದು ಎನ್.ಎಸ್.ಓ. ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿತು. ಭಾರತದ 121 ಬಳಕೆದಾರರು ಗುರಿಯಾಗಿದ್ದಿರಬಹುದೆಂದು ಕಂಪನಿ ನಮ್ಮ ಸರ್ಕಾರಕ್ಕೆ ತಿಳಿಸಿತ್ತು. ಮೊಕದ್ದಮೆಯ ದಾಖಲೆಗಳು 2025ರಲ್ಲಿ ಹೊರಬಂದಾಗ, ಪಟ್ಟಿಯಲ್ಲಿದ್ದ 1,223 ಜನರ ಪೈಕಿ 100 ಮಂದಿ ಭಾರತದವರು. ಮೆಕ್ಸಿಕೊ ಬಿಟ್ಟರೆ ಇದೇ ಅತಿ ದೊಡ್ಡ ಸಂಖ್ಯೆ.

ಕರ್ನಾಟಕದ 2019

ಆ ವರ್ಷ ನಮ್ಮ ರಾಜ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ ಜುಲೈ 23ರಂದು ವಿಶ್ವಾಸಮತದಲ್ಲಿ 99 ವಿರುದ್ಧ 105 ಮತಗಳಿಂದ ಸೋತಿತು. ಮರುತಿಂಗಳು ಹೊಸ ಸರ್ಕಾರ ಒಂದು ದೂರವಾಣಿ ಕದ್ದಾಲಿಕೆಯ ಆರೋಪವನ್ನು ಸಿ.ಬಿ.ಐ. ತನಿಖೆಗೆ ಒಪ್ಪಿಸಿತು. ಅದು ಹಳೆಯ ಬಗೆಯದು: ಹಿಂದಿನ ಸರ್ಕಾರದ ಅವಧಿಯಲ್ಲಿ ಪೊಲೀಸರ ಮೂಲಕ ಫೋನುಗಳನ್ನು ಆಲಿಸಲಾಯಿತು ಎಂಬ ಆರೋಪ. ಕುಮಾರಸ್ವಾಮಿಯವರು ಅದನ್ನು ನಿರಾಕರಿಸಿದರು.

ಎರಡು ವರ್ಷಗಳ ಅನಂತರ ಹೊಸ ಬಗೆಯದು ಸುದ್ದಿಯಾಯಿತು. ಪ್ಯಾರಿಸ್ಸಿನ 'ಫರ್ಬಿಡನ್ ಸ್ಟೋರೀಸ್', ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತು ಹಲವು ಪತ್ರಿಕೆಗಳು ಸೇರಿ, ಸೋರಿಕೆಯಾದ ಸುಮಾರು 50,000 ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಅಭ್ಯಸಿಸಿದವು. ಪೆಗಾಸಸ್ ಬಳಕೆದಾರರು ಆಸಕ್ತಿ ತೋರಿದ ಸಂಖ್ಯೆಗಳಿವು ಎಂಬುದು ಅವರ ನಿಲುವು. ಅದರಲ್ಲಿ 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳು, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಭದ್ರತಾ ಸಿಬ್ಬಂದಿಯೊಬ್ಬರು, ಇವರ ಸಂಖ್ಯೆಗಳಿದ್ದವೆಂದು 2021ರ ಜುಲೈ 20ರಂದು ವರದಿಯಾಯಿತು. ಎನ್.ಎಸ್.ಓ. ಕಂಪನಿ ಈ ಪಟ್ಟಿ ತನ್ನದಲ್ಲವೆಂದಿತು. ಭಾರತ ಸರ್ಕಾರ ಅನಧಿಕೃತ ಕದ್ದಾಲಿಕೆ ನಡೆದಿಲ್ಲವೆಂದಿತು.

ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಪಟ್ಟಿಯಲ್ಲಿ ಸಂಖ್ಯೆ ಇರುವುದು ಬೇರೆ, ಫೋನಿನಲ್ಲಿ ತಂತ್ರಾಂಶ ಇಳಿದಿರುವುದು ಬೇರೆ. ಕರ್ನಾಟಕದ ಈ ಫೋನುಗಳ ವೈಜ್ಞಾನಿಕ ಪರೀಕ್ಷೆ ನಡೆದಿರಲಿಲ್ಲವೆಂದು ವರದಿಯೇ ಹೇಳಿತ್ತು. ಹಾಗಾಗಿ ಆ ಫೋನುಗಳಲ್ಲಿ ಏನಾಯಿತೆಂದು ಯಾರೂ ಖಚಿತವಾಗಿ ಹೇಳುವಂತಿಲ್ಲ. 1988ರ ಸಾಕ್ಷ್ಯ ಸರ್ಕಾರಿ ಕಡತದಲ್ಲಿತ್ತು, ಅದನ್ನು ಸಂಸತ್ತಿನಲ್ಲಿ ಚರ್ಚಿಸಬಹುದಾಗಿತ್ತು. 2019ರ ಸಾಕ್ಷ್ಯ, ಇದ್ದರೆ, ಗುರಿಯಾದವನ ಜೇಬಿನಲ್ಲೇ ಇತ್ತು. ಆ ಫೋನು ಬದಲಾದರೆ, ಕಳೆದುಹೋದರೆ, ಸಾಕ್ಷ್ಯವೂ ಹೋಯಿತು. ಕಿವಿ ತಂತಿಯಿಂದ ಉಪಕರಣಕ್ಕೆ ಸರಿದಾಗ ಗುರುತು ಹುಡುಕುವ ಜಾಗವೂ ಅದರೊಡನೆ ಸರಿಯಿತು. ತಂತ್ರಜ್ಞಾನದ ಈ ಬದಲಾವಣೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ.

ಕಳಿಸುವಾಗ ಸಿಕ್ಕಿಬೀಳುವುದು

ಹಾಗಾದರೆ ಫೋನಿನ ಒಳಗೆ ಗುರುತು ಹುಡುಕುವುದು ಹೇಗೆ? ಇದಕ್ಕೆ ನಮ್ಮ ಆಗುಂಬೆಯ ಒಂದು ಉದಾಹರಣೆ ನೆರವಾಗುತ್ತದೆ. ರಾಮುಲಸ್ ವಿಟೇಕರ್ 2005ರಲ್ಲಿ ಆರಂಭಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗ ಸರ್ಪಗಳ ರೇಡಿಯೊ ದೂರಮಾಪನ ಅಧ್ಯಯನ ನಡೆಯಿತು. ಪಶುವೈದ್ಯರು ಶಸ್ತ್ರಕ್ರಿಯೆ ಮಾಡಿ ಹಾವಿನ ದೇಹದೊಳಗೆ ಪುಟ್ಟ ಪ್ರೇಷಕವೊಂದನ್ನು ಇರಿಸುತ್ತಾರೆ. ಅದು ನಿರ್ದಿಷ್ಟ ಆವೃತ್ತಿಯಲ್ಲಿ ಬಿಟ್ಟು ಬಿಟ್ಟು ಮಿಡಿಯುತ್ತದೆ. ಸಂಶೋಧಕರು ಆಂಟೆನಾ ಹಿಡಿದು, ಆ ಮಿಡಿತ ಬಲವಾಗುವ ದಿಕ್ಕಿನಲ್ಲಿ, ಮಳೆಯೆನ್ನದೆ ಕಾಡಿನಲ್ಲಿ ನಡೆಯುತ್ತಾರೆ. ಹಾವಿಗೆ ತನ್ನೊಳಗಿನ ಈ ಸಾಧನದ ಅರಿವಿಲ್ಲ, ಅದರ ದಿನಚರಿಗೆ ತೊಂದರೆಯಾಗಬಾರದು ಎಂಬುದೇ ವಿನ್ಯಾಸದ ನಿಯಮ. ಉದ್ದೇಶದ ಮಟ್ಟಿಗೆ ಗೂಢಚಾರಿ ತಂತ್ರಾಂಶಕ್ಕೂ ಇದಕ್ಕೂ ಅಜಗಜಾಂತರವಿದೆ. ಇದು ವಿಜ್ಞಾನ, ಅದು ಕಳವು. ಆದರೆ ಒಂದು ಮಾತು ಎರಡಕ್ಕೂ ಸಮಾನ. ಪ್ರೇಷಕ ಮಿಡಿಯದಿದ್ದರೆ ಅದರಿಂದ ಪ್ರಯೋಜನವಿಲ್ಲ; ಮಿಡಿದರೆ, ಸರಿಯಾದ ಆಂಟೆನಾ ಇರುವ ಇನ್ನೊಬ್ಬರಿಗೂ ಅದು ಕೇಳಿಸುತ್ತದೆ. ಗೂಢಚಾರ ಸದ್ದಿಲ್ಲದೆ ಕದಿಯಬಹುದು, ಸದ್ದಿಲ್ಲದೆ ಕಳಿಸಲಾರ.

ಆಮ್ನೆಸ್ಟಿಯ ತಂತ್ರಜ್ಞರು ಹಿಡಿದದ್ದು ಈ ಎಳೆಯನ್ನೇ. ಯಾವ ಪ್ರೋಗ್ರಾಮ್ ಎಷ್ಟು ದತ್ತಾಂಶ ಬಳಸಿತು ಎಂಬ ಲೆಕ್ಕವನ್ನು ಐಫೋನು ತನ್ನ ಒಳಗಿನ ಕೋಷ್ಟಕಗಳಲ್ಲಿ ಬರೆದಿಡುತ್ತದೆ. ಪೆಗಾಸಸ್ ಒಂದು ಕೋಷ್ಟಕದಿಂದ ತನ್ನ ಹೆಸರನ್ನು ಅಳಿಸುತ್ತಿತ್ತು. ಆದರೆ ಅದಕ್ಕೆ ಹೊಂದಿಕೊಂಡ ಇನ್ನೊಂದು ಕೋಷ್ಟಕದ ನಮೂದನ್ನು ಹಾಗೆಯೇ ಬಿಟ್ಟಿತ್ತು. ಹೆಸರಿಲ್ಲದ ಖರ್ಚು ಲೆಕ್ಕಪುಸ್ತಕದಲ್ಲಿ ಉಳಿದಂತಾಯಿತು. ಹೀಗೆ ಪರೀಕ್ಷಿಸಿದ 67 ಫೋನುಗಳ ಪೈಕಿ 37ರಲ್ಲಿ ದಾಳಿಯ ಅಥವಾ ದಾಳಿಯ ಪ್ರಯತ್ನದ ಗುರುತು ಸಿಕ್ಕಿತು. ಆಂಡ್ರಾಯ್ಡ್ ಫೋನುಗಳು ಇಷ್ಟು ವಿವರವಾದ ದಾಖಲೆಗಳನ್ನು ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಅವುಗಳಲ್ಲಿ ಗುರುತು ಸಿಗದಿದ್ದರೆ ದಾಳಿಯಾಗಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರ್ 27ರಂದು ಮೂವರು ತಂತ್ರಜ್ಞರ ಸಮಿತಿಯನ್ನು ನೇಮಿಸಿ, ಅದರ ಮೇಲ್ವಿಚಾರಣೆಯನ್ನು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿಗೆ ವಹಿಸಿತು. ಅವರು ಮೊದಲು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದವರು. 2022ರ ಆಗಸ್ಟ್ 25ರಂದು ನ್ಯಾಯಾಲಯ ತಿಳಿಸಿದಂತೆ, ಸಮಿತಿಗೆ ಬಂದ 29 ಫೋನುಗಳ ಪೈಕಿ 5ರಲ್ಲಿ ಯಾವುದೋ ಕುತಂತ್ರಾಂಶ ಇತ್ತು. ಅದು ಪೆಗಾಸಸ್ ಎಂದು ಹೇಳಲು ಸಾಕ್ಷ್ಯ ಸಾಲದು. ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ. ಒಂದು ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಪರೀಕ್ಷೆಗೆ ಬಂದ ಫೋನುಗಳು 29 ಎಂಬುದನ್ನು ನೋಡಿದರೆ, ಈ ಬಗೆಯ ಸಾಕ್ಷ್ಯ ಎಷ್ಟು ದುರ್ಲಭ ಎಂಬುದು ತಿಳಿಯುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿದ್ದು ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಮುಗಳಂತೆ ಪರರ ಗಣಕದಲ್ಲಿ ಅನುಮತಿಯಿಲ್ಲದೆ ಇಂಥ ತಂತ್ರಾಂಶ ಇಳಿಸುವುದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹಕ್ಕು ಇದೆ, ಶಿಕ್ಷೆಯೂ ಇದೆ. ಅಪರಾಧ ನಡೆಯಿತೆಂದು ತೋರಿಸುವುದು ಮಾತ್ರ ಗುರಿಯಾದವನ ಪಾಲಿಗೆ ಬಿದ್ದಿದೆ.

ಪ್ರಯೋಗಾಲಯದ ಗಣಕಗಳು

ಅಧ್ಯಾಪಕರು, ವಿದ್ಯಾರ್ಥಿಗಳು ಪೆಗಾಸಸ್‌ಗೆ ಹೆದರಬೇಕಾದ ಸಂದರ್ಭ ವಿರಳ. ಅದು ದುಬಾರಿ ಆಯುಧ. ನಮ್ಮ ಬಾಗಿಲಿಗೆ ಬರುವುದು ಅದರ ಅಗ್ಗದ ತಮ್ಮಂದಿರು. ಮದುವೆಯ ಕರೆಯೋಲೆ, ಬ್ಯಾಂಕಿನ ಕೆ.ವೈ.ಸಿ., ವಾಹನದ ದಂಡದ ರಸೀದಿ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ 'ಎ.ಪಿ.ಕೆ.' ಕಡತಗಳು ಈ ಜಾತಿಯವು. ಸ್ಥಾಪಿಸಿಕೊಂಡ ಮೇಲೆ ಅವು ಎಸ್.ಎಂ.ಎಸ್. ಓದುವ ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕಿನ ಓ.ಟಿ.ಪಿ. ನೇರವಾಗಿ ಕಳ್ಳನಿಗೆ ತಲುಪುತ್ತದೆ. ಇಲ್ಲಿ ಬಫರ್ ಓವರ್‌ಫ್ಲೋ ಬೇಕಿಲ್ಲ, ನಾವೇ ಬಾಗಿಲು ತೆರೆಯುತ್ತೇವೆ. ಕರೆಯೋಲೆಯೊಂದು ಪ್ರೋಗ್ರಾಮ್ ಆಗಿರಬೇಕಾದ ಕಾರಣವೇ ಇಲ್ಲ ಎಂಬುದನ್ನು ತರಗತಿಯಲ್ಲಿ ಒಮ್ಮೆ ಹೇಳಿದರೆ ಮಕ್ಕಳು ಮನೆಯವರಿಗೂ ತಿಳಿಸುತ್ತಾರೆ. ಟಾರ್ಚ್ ತಂತ್ರಾಂಶಕ್ಕೆ ಮೈಕ್ರೊಫೋನ್ ಏಕೆ, ಕ್ಯಾಲ್ಕುಲೇಟರಿಗೆ ವಿಳಾಸಪಟ್ಟಿ ಏಕೆ ಎಂದು ಕೇಳುವುದನ್ನು ಅಭ್ಯಾಸ ಮಾಡಿಸುವುದೂ ಒಳ್ಳೆಯದು.

ಇನ್ನೊಂದು ದಾರಿ ಹಳೆಯ ದೋಷಗಳದು. 2019ರ ವಾಟ್ಸಾಪ್ ದೋಷವನ್ನು ಕಂಪನಿ ಮೇ ತಿಂಗಳಲ್ಲೇ ಸರಿಪಡಿಸಿತು. ಪರಿಷ್ಕೃತ ಆವೃತ್ತಿ ಹಾಕಿಕೊಂಡವರಿಗೆ ಆ ಬಾಗಿಲು ಮುಚ್ಚಿತು, ಹಾಕಿಕೊಳ್ಳದವರಿಗೆ ತೆರೆದೇ ಇತ್ತು. ದೋಷದ ವಿವರ ಬಹಿರಂಗವಾದ ಮೇಲೆ ಅದನ್ನು ಬಳಸಲು ದೊಡ್ಡ ತಜ್ಞನೇ ಬೇಕೆಂದಿಲ್ಲ. ಆದ್ದರಿಂದ ಪರಿಷ್ಕರಣೆ ಮುಂದೂಡುವುದೇ ಗಣಕದ ಅತಿ ದೊಡ್ಡ ದೌರ್ಬಲ್ಯ. ಮಲೆನಾಡಿನಲ್ಲಿ ಇದು ಸೋಮಾರಿತನದ ಪ್ರಶ್ನೆ ಮಾತ್ರವಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಳಭಾಗದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮರ ಬಿದ್ದು ವಿದ್ಯುತ್ತು ಹೋಗುತ್ತದೆ, ಅದರ ಹಿಂದೆಯೇ ಜಾಲಸಂಪರ್ಕ ಹೋಗುತ್ತದೆ. ಸಂಪರ್ಕ ಬಂದ ಒಂದೆರಡು ಗಂಟೆಯಲ್ಲಿ ಅಂಕಪಟ್ಟಿ ತುಂಬಿಸುವ ಅವಸರ; ನೂರಾರು ಮೆಗಾಬೈಟಿನ ಪರಿಷ್ಕರಣೆಯನ್ನು "ಆಮೇಲೆ" ಎಂದು ತಳ್ಳುತ್ತೇವೆ. ಸಂಪರ್ಕವಿಲ್ಲದಾಗ ಕಡತಗಳು ಓಡಾಡುವುದು ಪೆನ್ ಡ್ರೈವ್ ಮೇಲೆ. ಪ್ರಶ್ನೆಪತ್ರಿಕೆಯೂ ಅದರಲ್ಲೇ, ಜೆರಾಕ್ಸ್ ಅಂಗಡಿಯ ಗಣಕಕ್ಕೂ ಅದೇ. ಪರಿಷ್ಕರಣೆಯಿಲ್ಲದ ಯಂತ್ರ ಮತ್ತು ಹತ್ತು ಕಡೆ ತಿರುಗಿದ ಪೆನ್ ಡ್ರೈವ್ ಸೇರಿದರೆ ಗೂಢಚಾರನಿಗೆ ಬೇರೇನೂ ಬೇಡ. ಪ್ರಯೋಗಾಲಯದಲ್ಲಿ ಒಂದು ಗಣಕವನ್ನು ಪೆನ್ ಡ್ರೈವ್ ತಪಾಸಣೆಗೆಂದೇ ಮೀಸಲಿಡುವುದು, ರಾತ್ರಿ ಸಂಪರ್ಕ ಸಿಗುವ ಹೊತ್ತಿಗೆ ಪರಿಷ್ಕರಣೆ ತಾನಾಗಿ ಇಳಿಯುವಂತೆ ಹೊಂದಿಸುವುದು, ದಿನನಿತ್ಯದ ಕೆಲಸಕ್ಕೆ ನಿರ್ವಾಹಕ ಖಾತೆ ಬಳಸದಿರುವುದು, ಇವಕ್ಕೆ ಹಣ ಖರ್ಚಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ತಪಾಸಣಾ ಸಾಧನಗಳನ್ನು ಉಚಿತವಾಗಿ ಕೊಡುತ್ತಿದೆ.

ಹಳೆಯ ಯಂತ್ರಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಯಂತ್ರಾಂಶ ಗಟ್ಟಿಮುಟ್ಟಾಗಿದ್ದರೂ ವಿಂಡೋಸ್ 11 ಒಪ್ಪದ ಗಣಕಗಳು ನಮ್ಮ ಶಾಲಾ ಕಾಲೇಜುಗಳಲ್ಲಿ ಸಾಕಷ್ಟಿವೆ. ಅವುಗಳಿಗೆ ಉಬುಂಟುವಿನಂಥ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹಾಕುವುದು, ಇಲ್ಲವೇ ಜಾಲಸಂಪರ್ಕ ತಪ್ಪಿಸಿ ಪ್ರಯೋಗದ ಮಾಪನಗಳಿಗಷ್ಟೇ ಬಳಸುವುದು ಸಾಧ್ಯವಿರುವ ದಾರಿಗಳು.

ಇಷ್ಟಾದ ಮೇಲೂ ಯಂತ್ರದಲ್ಲಿ ಏನೋ ಸೇರಿದೆಯೆಂಬ ಬಲವಾದ ಅನುಮಾನ ಬಂದರೆ ನಮ್ಮಲ್ಲಿ ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಫಾರ್ಮ್ಯಾಟ್. ಯಂತ್ರ ಶುದ್ಧವಾಗುತ್ತದೆ ನಿಜ, ಆದರೆ ಯಾರು ಬಂದಿದ್ದರು, ಏನು ಒಯ್ದರು ಎಂಬ ಗುರುತೂ ಅಳಿಸಿಹೋಗುತ್ತದೆ. ಹಣವೋ ಪ್ರಶ್ನೆಪತ್ರಿಕೆಯೋ ಹೋಗಿದೆ ಎಂದಾದರೆ ಮೊದಲು ಜಾಲಸಂಪರ್ಕ ಕಡಿದು, ಪಾಸ್‌ವರ್ಡುಗಳನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಿಸಿ, 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು. ಡಿಸ್ಕನ್ನು ತೆಗೆದು, ದಿನಾಂಕ ಬರೆದ ಲಕೋಟೆಯಲ್ಲಿಟ್ಟು, ಹೊಸ ಡಿಸ್ಕ್ ಹಾಕಿ ಕೆಲಸ ಮುಂದುವರಿಸಬಹುದು. ಲಕೋಟೆಯ ಮೇಲೆ ಇಬ್ಬರ ಸಹಿ ಇರಲಿ.